ಹೊಳೆದಂಡೆಯ ಬಿಡಾರ: ಮಕ್ಕಳು, ಹಿರಿಯರು, ನಾಯಿಗಳೊಡನೆ ಮಲೆನಾಡಿನಲ್ಲಿ ಎರಡು ರಾತ್ರಿ

ನಮ್ಮ ಮನೆಯಲ್ಲಿ ಎರಡು ನಾಯಿಗಳಿವೆ. ಕರಿಯ ಬೀದಿಯಿಂದ ಬಂದವನು, ಚಿನ್ನಿ ಮುಧೋಳ ತಳಿಯವಳು. ರಜೆಗೆ ಎಲ್ಲಿಗೆ ಹೊರಟರೂ ಇವರಿಬ್ಬರನ್ನು ಯಾರ ಬಳಿ ಬಿಡುವುದೆಂಬ ಚಿಂತೆ ಕಾಡುತ್ತಿತ್ತು. ಕೊನೆಗೆ, ಬಿಟ್ಟು ಹೋಗುವುದೇ ಬೇಡವೆಂದು ನಿಶ್ಚಯಿಸಿ ಬಿಡಾರ ಹೂಡುವುದನ್ನು ಕಲಿತೆವು. ಕರೆಂಟಿಲ್ಲ, ನಲ್ಲಿಯಿಲ್ಲ, ಶೌಚಾಲಯವಿಲ್ಲ. ಹೊಳೆಯ ಪಕ್ಕ ಒಂದು ರಾತ್ರಿ, ಗುಡ್ಡದ ಮೇಲೆ ಒಂದು ರಾತ್ರಿ. ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು, ಅರವತ್ತು ದಾಟಿದ ನಮ್ಮ ಅತ್ತೆ, ಎರಡು ನಾಯಿ. ವರ್ಷಕ್ಕೊಮ್ಮೆಯಾದರೂ ಹೋಗುತ್ತೇವೆ.

ನಾಯಿ ಜೊತೆಗಿದ್ದರೆ ರಾತ್ರಿ ಕಾವಲಿಗಾಯಿತು ಎಂದು ಬಹಳ ಜನ ಎಣಿಸುತ್ತಾರೆ. ನಾವೂ ಹಾಗೆಯೇ ಎಣಿಸಿದ್ದೆವು. ಕಾಡಂಚಿನಲ್ಲಿ ಕಾಯಬೇಕಾದವರು ನಾವು, ಕಾವಲು ಬೇಕಾದದ್ದು ನಾಯಿಗೆ. ಮುಂದೆ ಬರೆದಿರುವುದನ್ನೆಲ್ಲ ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಮೊದಲು ಜಾಗ, ಜಾಗಕ್ಕಿಂತ ಮೊದಲು ಅನುಮತಿ

ಮಲೆನಾಡಿನಲ್ಲಿ ಎಲ್ಲಿ ನಿಂತರೂ ಇಲ್ಲೇ ಟೆಂಟ್ ಹಾಕಿಬಿಡೋಣ ಎನ್ನಿಸುತ್ತದೆ. ಹಾಗೆ ಹಾಕುವಂತಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಭದ್ರಾ, ಪುಷ್ಪಗಿರಿ, ಮೂಕಾಂಬಿಕಾ ಅಭಯಾರಣ್ಯಗಳಿಗೆ ಸಾಕುನಾಯಿಯನ್ನು ಒಯ್ಯುವಂತಿಲ್ಲ. ಕುಮಾರಪರ್ವತ, ಕೊಡಚಾದ್ರಿ ಎಂದು ಆಸೆಪಟ್ಟುಕೊಂಡಿದ್ದರೆ ಅವೂ ಈ ಅಭಯಾರಣ್ಯಗಳ ಒಳಗೇ ಇವೆ. ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ನುಗ್ಗುವುದು, ಅಲ್ಲಿ ಬೆಂಕಿ ಹಾಕುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಕಾನೂನಿನ ಭಯ ಒಂದು ಕಡೆಗಿರಲಿ. ನಮ್ಮ ನಾಯಿಗಳಿಂದ ಡಿಸ್ಟೆಂಪರ್‌ನಂತಹ ರೋಗ ಕಾಡಿನ ಸೀಳುನಾಯಿ, ನರಿಗಳಿಗೆ ದಾಟುತ್ತದೆ. ನಾಯಿಯನ್ನು ಪ್ರೀತಿಸುವವರು ಆ ಕಾಡುನಾಯಿಗಳ ಬಗ್ಗೆಯೂ ಯೋಚಿಸಬೇಕು.

ಉಳಿಯುವ ದಾರಿಯೆಂದರೆ ಖಾಸಗಿ ಜಮೀನು. ಮೂಡಿಗೆರೆ, ಸಕಲೇಶಪುರ, ಕೊಪ್ಪ, ತೀರ್ಥಹಳ್ಳಿ, ಕೊಡಗು, ಹೀಗೆ ಹೊಳೆಗೆ ಹೊಂದಿಕೊಂಡ ಕಾಫಿ ತೋಟ, ಅಡಿಕೆ ತೋಟಗಳು ಎಷ್ಟೋ ಇವೆ. ಪರಿಚಯದವರ ಮೂಲಕ ಮಾಲೀಕರನ್ನು ಕೇಳಿ, ನಾಯಿ ತರುತ್ತೇವೆಂದು ಮೊದಲೇ ಹೇಳಿ. ಅವರು ಒಪ್ಪಿದ ಮೇಲೆ ತೋಟದ ಕೆಲಸದ ಉಸ್ತುವಾರಿ ನೋಡುವ ರೈಟರ್ ಜೊತೆ ಹತ್ತು ನಿಮಿಷ ಕೂತು ಮಾತನಾಡಿ. ಬೆಳಗಾದರೆ ತೋಟ ಸುತ್ತುವವರು ಅವರು, ಮಾಲೀಕರಿಗೆ ಗೊತ್ತಿಲ್ಲದ್ದೂ ಅವರಿಗೆ ಗೊತ್ತಿರುತ್ತದೆ. ನಾನು ಕೇಳುವ ಪ್ರಶ್ನೆಗಳು ಐದು. ಈ ವಾರ ಆನೆ ಬಂದಿತ್ತೇ? ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆಯ) ನಾಯಿಗಳು ಯಾವುದಾದರೂ ಕಾಣೆಯಾಗಿವೆಯೇ? ಹೊಳೆಯಲ್ಲಿ ಮಡು ಎಲ್ಲಿದೆ? ಮೇಲೆ ಅಣೆಕಟ್ಟು ಇದೆಯೇ, ನೀರು ಬಿಡುತ್ತಾರೆಯೇ? ಮಂಗ ಸತ್ತ ಸುದ್ದಿ ಇದೆಯೇ?

ಮೊದಲನೆಯದಕ್ಕೆ ‘ಹೌದು’ ಎಂದರೆ ಆ ಸಲದ ಪ್ರವಾಸ ಅಲ್ಲಿಗೇ ಮುಗಿಯಿತು. ಸಕಲೇಶಪುರ, ಮೂಡಿಗೆರೆ, ಕೊಡಗಿನ ತೋಟಗಳಲ್ಲಿ ಆನೆಯ ಓಡಾಟ ಹೆಚ್ಚು. ಆನೆಯನ್ನು ಕಂಡ ನಾಯಿ ಬೊಗಳುತ್ತಾ ಮುನ್ನುಗ್ಗುತ್ತದೆ. ಆನೆ ತಿರುಗಿಬಿದ್ದ ಕೂಡಲೇ ಓಡಿ ಬರುವುದು ಯಜಮಾನನ ಬಳಿಗೇ, ಹಿಂದೆಯೇ ಆನೆ. ಈ ವಿಷಯದಲ್ಲಿ ‘ಏನಾಗುತ್ತದೆ ನೋಡೋಣ’ ಎನ್ನುವ ಮಾತೇ ಬೇಡ.

ಯಾವಾಗ ಹೋಗಬೇಕು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಕೆಂಪು ನೀರು. ಅಕ್ಟೋಬರ್‌ನಲ್ಲಿ ಗುಡುಗು ಸಿಡಿಲು, ಉಂಬಳ (ನೆಲದ ಜಿಗಣೆ). ಫೆಬ್ರವರಿಯಿಂದಾಚೆ ಒಣಹುಲ್ಲು, ಕಾಡ್ಗಿಚ್ಚು. ಹಾಗಾಗಿ ನಮ್ಮ ಕಾಲ ನವೆಂಬರ್ ನಡುವಿನಿಂದ ಜನವರಿಯವರೆಗೆ. ಹೊಳೆ ತಿಳಿಯಾಗಿರುತ್ತದೆ, ಸೊಂಟದೆತ್ತರಕ್ಕೆ ಇಳಿದಿರುತ್ತದೆ. ನವೆಂಬರ್-ಡಿಸೆಂಬರ್‌ನಿಂದ ಕಾಫಿ ಕೊಯ್ಲು ಶುರುವಾಗುವುದರಿಂದ ತೋಟದವರಿಗೆ ಕೈಬಿಡುವಿರುವುದಿಲ್ಲ. ಅವರಿಗೆ ಹೊರೆಯಾಗದ ಹಾಗೆ ದಿನ ಗೊತ್ತುಮಾಡಿಕೊಳ್ಳಿ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಚಳಿಗಾಲದಿಂದ ಬೇಸಿಗೆಯವರೆಗೆ ಕಾಣಿಸಿಕೊಳ್ಳುತ್ತದೆ. ಹರಡುವುದು ಉಣುಗಿನಿಂದ, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆಯಿಂದ. ಊರಿನ ಸುತ್ತ ಮಂಗ ಸತ್ತಿದೆ, ಯಾರಿಗೋ ಜ್ವರ ಬಂದಿದೆ ಎಂದು ಕೇಳಿಬಂದರೆ ಆ ಕಡೆ ಹೋಗಲೇಬೇಡಿ. ನಾಯಿ ಪೊದೆಯಲ್ಲಿ ನುಗ್ಗಿ ಉಣುಗನ್ನು ಮೈಮೇಲೆ ಹೊತ್ತು ತಂದು ನಿಮ್ಮ ಮಗುವಿನ ಹಾಸಿಗೆಯಲ್ಲಿ ಮಲಗುತ್ತದೆ.

ಹೊರಡುವ ಮುಂಚಿನ ತಿಂಗಳು

ನಾಯಿಗೆ ರೇಬೀಸ್ ಲಸಿಕೆ ಆಗಿದೆಯೇ, ಇಲಿ ಜ್ವರದ ಲಸಿಕೆ ಆಗಿದೆಯೇ ನೋಡಿ. ಹೊಳೆ, ಗದ್ದೆ, ನಿಂತ ನೀರಿನ ಕಡೆ ಹೋಗುವ ನಾಯಿಗೆ ಎರಡನೆಯದು ಬಹಳ ಮುಖ್ಯ. ಉಣುಗಿನ ಮಾತ್ರೆಯನ್ನೋ ಬೆನ್ನಿಗೆ ಬಿಡುವ ಹನಿಯನ್ನೋ ಪಶುವೈದ್ಯರನ್ನು ಕೇಳಿ ಒಂದು ವಾರ ಮೊದಲೇ ಹಾಕಿಸಿ. ಕೊರಳ ಪಟ್ಟಿಯ ಮೇಲೆ ಮೊಬೈಲ್ ಸಂಖ್ಯೆ ಇರಲಿ. ಎಳೆಯಲು ಕೊರಳ ಪಟ್ಟಿ ಬೇಡ, ಎದೆಗೆ ತೊಡಿಸುವ ಪಟ್ಟಿ ತೆಗೆದುಕೊಳ್ಳಿ. ಬಂಡೆಯಿಂದ ಜಾರಿದ ನಾಯಿಯನ್ನು ಎತ್ತಿ ಹಿಡಿಯಲು ಆಗುವುದು ಅದರಿಂದಲೇ.

ಆಮೇಲೆ ಟೆಂಟನ್ನು ಮನೆಯ ಮಹಡಿಯ ಮೇಲೆ ಹಾಕಿ, ಎರಡು ರಾತ್ರಿ ಎಲ್ಲರೂ ಅದರಲ್ಲಿ ಮಲಗಿ. ಇದನ್ನು ತಪ್ಪಿಸಬೇಡಿ. ಜಿಪ್ ಎಳೆದ ಸದ್ದಿಗೆ ಚಿನ್ನಿ ಬೆಚ್ಚಿಬಿದ್ದು ಬಟ್ಟೆಯನ್ನೇ ಪರಚಿದ್ದಳು. ಅದು ಮಹಡಿಯ ಮೇಲೆ ಆದದ್ದರಿಂದ ಬಚಾವಾದೆವು. ನಾಯಿಯ ಉಗುರು ಕತ್ತರಿಸಿ, ಟೆಂಟಿನ ನೆಲಕ್ಕೆ ಹಳೆಯ ಕಂಬಳಿ ಹಾಸಿ. ಮುಧೋಳ ನಾಯಿಯ ಮೈಮೇಲೆ ಕೂದಲೂ ಕಡಿಮೆ, ಕೊಬ್ಬೂ ಕಡಿಮೆ. ಮಲೆನಾಡಿನ ಡಿಸೆಂಬರ್ ಚಳಿಗೆ ಅವಳು ನಡುಗುತ್ತಾಳೆ. ಅವಳಿಗೆ ಹೊದೆಯಲು ಬೇರೆಯೇ ಒಂದು ಕಂಬಳಿ ಬೇಕು.

ಘಟ್ಟದ ತಿರುವುಗಳಲ್ಲಿ ನಾಯಿ ವಾಂತಿ ಮಾಡಿಕೊಳ್ಳುತ್ತದೆ. ಹೊರಡುವ ಮೂರು ನಾಲ್ಕು ಗಂಟೆ ಮೊದಲು ಊಟ ನಿಲ್ಲಿಸಿ, ನೀರು ಮಾತ್ರ ಸ್ವಲ್ಪ ಸ್ವಲ್ಪ ಕೊಡುತ್ತಿರಿ.

ಸಾಮಾನಿನ ಪಟ್ಟಿ ಉದ್ದ ಬೇಡ. ಟೆಂಟು, ಅದರಡಿಗೆ ಟಾರ್ಪಾಲು, ಕಂಬಳಿ, ತಲೆಗೆ ಕಟ್ಟುವ ಟಾರ್ಚ್ ಆಳಿಗೊಂದು, ಸಣ್ಣ ಗ್ಯಾಸ್ ಒಲೆ, ದಪ್ಪ ತಳದ ಪಾತ್ರೆ, ಕೈಗುದ್ದಲಿ, ಹತ್ತು ಮೀಟರ್ ಹಗ್ಗ, ಮಕ್ಕಳಿಗೆ ಲೈಫ್ ಜಾಕೆಟ್. ಔಷಧದ ಡಬ್ಬಿಯಲ್ಲಿ ಪೊವಿಡೋನ್ ಅಯೋಡಿನ್, ಬ್ಯಾಂಡೇಜು, ಓಆರ್‌ಎಸ್, ತುದಿ ಚೂಪಾದ ಚಿಮುಟ. ಮನೆಯ ಪ್ಯಾರಾಸಿಟಮಾಲ್, ಐಬುಪ್ರೊಫೇನ್‌ಗಳನ್ನು ನಾಯಿಗೆ ಎಂದೂ ಕೊಡಬೇಡಿ, ಅವು ಅದಕ್ಕೆ ವಿಷ. ಹತ್ತಿರದ ತಾಲ್ಲೂಕು ಆಸ್ಪತ್ರೆ ಎಲ್ಲಿದೆ, ಅಲ್ಲಿ ಹಾವಿನ ವಿಷಕ್ಕೆ ಮದ್ದು ಇದೆಯೇ, ಪಶು ಆಸ್ಪತ್ರೆ ಎಲ್ಲಿದೆ ಎಂದು ಕೇಳಿ ಕಾಗದದಲ್ಲಿ ಬರೆದುಕೊಳ್ಳಿ. ಹೊಳೆಯ ಕಣಿವೆಯಲ್ಲಿ ಮೊಬೈಲ್‌ಗೆ ಸಿಗ್ನಲ್ ಸಿಗುವುದು ಅಪರೂಪ. 108 ಮತ್ತು 112ಕ್ಕೆ ಕರೆ ಮಾಡಲು ಯಾವ ದಿಬ್ಬ ಹತ್ತಬೇಕೆಂಬುದನ್ನು ಬೆಳಕಿರುವಾಗಲೇ ನೋಡಿಟ್ಟುಕೊಳ್ಳಿ.

ಹೊಳೆದಂಡೆಯಲ್ಲಿ ಟೆಂಟ್ ಎಲ್ಲಿ?

ಮಧ್ಯಾಹ್ನ ಮೂರಕ್ಕೆಲ್ಲ ಜಾಗ ಸೇರಿ. ಕಣಿವೆಯಲ್ಲಿ ಕತ್ತಲು ಬೇಗ ಇಳಿಯುತ್ತದೆ.

ಮರಳ ದಿಬ್ಬ ಕಂಡ ತಕ್ಷಣ ಮಕ್ಕಳು ‘ಇಲ್ಲೇ ಅಪ್ಪಾ’ ಎನ್ನುತ್ತಾರೆ. ಮರಳಿನ ಮೇಲೆ ಆಡಿಸಿ, ಮಲಗಿಸಬೇಡಿ. ದಂಡೆಯ ಮರಗಳನ್ನು ತಲೆಯೆತ್ತಿ ನೋಡಿ. ಕೊಂಬೆಗಳ ಸಂದಿಯಲ್ಲಿ ಒಣಹುಲ್ಲು, ಪ್ಲಾಸ್ಟಿಕ್ ಚೂರು, ನಾರು ಸಿಕ್ಕಿಕೊಂಡಿರುತ್ತದೆ. ಕಳೆದ ನೆರೆ ಅಷ್ಟೆತ್ತರ ಬಂದಿತ್ತು ಎಂದರ್ಥ. ಟೆಂಟ್ ಆ ಗುರುತಿಗಿಂತ ಮೇಲಿರಬೇಕು, ನೀರಿನಿಂದ ಕಡಿಮೆಯೆಂದರೆ ಅರವತ್ತು ಮೀಟರ್, ಅಂದರೆ ಸುಮಾರು ಎಂಬತ್ತು ಹೆಜ್ಜೆ ದೂರದಲ್ಲಿರಬೇಕು. ಆ ದೂರದಿಂದ ಇನ್ನೊಂದು ಉಪಕಾರವಿದೆ. ರಾತ್ರಿ ನೀರು ಕುಡಿಯಲು ಬರುವ ಪ್ರಾಣಿಗಳ ದಾರಿಗೆ ನಾವು ಅಡ್ಡವಾಗುವುದಿಲ್ಲ. ಕಾಲುದಾರಿಯ ಮೇಲೆ, ಒಣಕೊಂಬೆ ಇರುವ ಮರದ ಕೆಳಗೆ, ಹುತ್ತದ ಬಳಿ, ಹಲಸಿನ ಮರದ ಬುಡದಲ್ಲಿ ಟೆಂಟ್ ಬೇಡ.

ನೀರಿನ ಅಂಚಿನಲ್ಲಿ ಒಂದು ಕಡ್ಡಿ ನೆಟ್ಟುಬಿಡಿ. ನಮ್ಮ ಮಗಳಿಗೆ ಈ ಕೆಲಸ ಒಪ್ಪಿಸಿದ್ದೇವೆ. ಗಂಟೆಗೊಮ್ಮೆ ಹೋಗಿ ನೀರು ಕಡ್ಡಿ ದಾಟಿದೆಯೇ ಎಂದು ನೋಡಿ ಬರುತ್ತಾಳೆ. ನಾವಿರುವಲ್ಲಿ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಮಳೆಯಾದರೆ ಹೊಳೆ ಉಕ್ಕುತ್ತದೆ. ತಿಳಿನೀರು ಕದಡಿದರೆ, ಎಲೆ ಕಡ್ಡಿಗಳು ಗುಂಪಾಗಿ ತೇಲಿಬಂದರೆ, ಹರಿವಿನ ಸದ್ದು ದಪ್ಪವಾದರೆ ಯಾರನ್ನೂ ಕೇಳದೆ ಎಲ್ಲರನ್ನೂ ಮೇಲೆ ಕರೆದುಕೊಳ್ಳಿ. ಸಾಮಾನು ಹೋದರೆ ಹೋಗಲಿ.

ಮಕ್ಕಳೂ ನಾಯಿಗಳೂ ನೀರಿಗಿಳಿಯುವುದು ಹರಿವು ಕಾಣುವ, ತಳ ಕಾಣುವ ಕಡೆ ಮಾತ್ರ. ಮೇಲೆ ಶಾಂತವಾಗಿ, ಹಸಿರಾಗಿ ನಿಂತ ಜಾಗವೇ ಮಡು. ಅಲ್ಲಿ ಈಜು ಬಲ್ಲವರೇ ಮುಳುಗಿದ್ದಾರೆ. ಕಾವೇರಿಯ ಕೆಳಹರಿವು, ದಾಂಡೇಲಿಯ ಕಾಳಿ ನದಿಯಂಥ ಕಡೆ ಮೊಸಳೆಗಳಿವೆ. ಅಲ್ಲಿ ನಾಯಿಯನ್ನು ದಂಡೆಗೂ ಬಿಡಬೇಡಿ. ಹರಿಯುವ ನೀರಿನಲ್ಲಿ ಈಜುವ ನಾಯಿಗೆ ಉದ್ದ ಹಗ್ಗ ಕಟ್ಟಿದರೆ ಬಂಡೆಗೆ ಸುತ್ತಿಕೊಂಡು ಮುಳುಗಿಸುತ್ತದೆ. ಮೊಣಕಾಲು ನೀರಿನಲ್ಲಿ ಗಿಡ್ಡ ಹಗ್ಗ ಹಿಡಿದು ನೀವೇ ಜೊತೆಗೆ ನಿಲ್ಲಿ. ಹೊರಬಂದ ಮೇಲೆ ಕಿವಿಯ ಒಳಗನ್ನು ಒರೆಸಿ. ಗುಂಡಿಯಲ್ಲಿ ನಿಂತ ನೀರು ಕುಡಿದ ನಾಯಿಯ ಮೂಗಿನೊಳಗೆ ಜಿಗಣೆ ಸೇರಿಕೊಳ್ಳುವುದುಂಟು. ಒಂದೇ ಹೊಳ್ಳೆಯಿಂದ ರಕ್ತ ಬರುತ್ತಿದ್ದರೆ, ಪದೇ ಪದೇ ಸೀನುತ್ತಿದ್ದರೆ ಪಶುವೈದ್ಯರಿಗೆ ತೋರಿಸಿ.

ಹೊಳೆಯ ನೀರು ಎಷ್ಟೇ ತಿಳಿಯಾಗಿದ್ದರೂ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಸಿ ಕುಡಿಯಿರಿ. ನಾಯಿಗೂ ಅದೇ ನೀರು. ಸೀಗೆಪುಡಿ, ಸೋಪು ಹಾಕಿ ಏನನ್ನೂ ಹೊಳೆಯಲ್ಲಿ ತೊಳೆಯಬೇಡಿ. ಬಕೆಟ್‌ನಲ್ಲಿ ನೀರು ತಂದು ದೂರ ತೊಳೆದು ಮಣ್ಣಿಗೆ ಚೆಲ್ಲಿ.

ಒಲೆ, ಊಟ

ತೋಟದವರು ಒಪ್ಪಿದರೆ ಮಾತ್ರ ಬೆಂಕಿ. ಮರಳಿನ ಮೇಲೆ ಮೂರು ಕಲ್ಲಿನ ಒಲೆ ಹೂಡಿ, ನೆರೆಯಲ್ಲಿ ಕೊಚ್ಚಿಬಂದು ಒಣಗಿದ ಕಟ್ಟಿಗೆ ಬಳಸಿ. ಒಲೆಯ ಕಲ್ಲು ನೀರಿನಿಂದ ಎತ್ತಿದ್ದಾಗಿರಬಾರದು. ಒಳಗೆ ನೀರು ಹೀರಿದ ಹೊಳೆಕಲ್ಲು ಕಾದಾಗ ಸಿಡಿಯುತ್ತದೆ. ದಂಡೆಯ ಮೇಲೆ ಬಿಸಿಲಲ್ಲಿ ಒಣಗಿ ಬಿದ್ದ ಕಲ್ಲನ್ನೇ ಆಯ್ದುಕೊಳ್ಳಿ. ಮಲಗುವ ಮೊದಲು ನೀರು ಸುರಿದು, ಕೆದಕಿ, ಮತ್ತೆ ಸುರಿದು, ಬೂದಿಯೊಳಗೆ ಅಂಗೈ ಇಟ್ಟು ತಣ್ಣಗಾಗಿದೆಯೇ ನೋಡಿ.

ಅಡುಗೆ ಸರಳವಾಗಿರಲಿ. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಸುಟ್ಟ ಹಪ್ಪಳ. ಬೆಳಿಗ್ಗೆಗೆ ಅವಲಕ್ಕಿ, ಚಟ್ನಿಪುಡಿ. ನಡುವೆ ಹಸಿವಾದರೆ ರಾಗಿ ಹುರಿಹಿಟ್ಟಿಗೆ ಬೆಲ್ಲ. ಅತ್ತೆ ಕಟ್ಟಿಕೊಡುವ ಹುರಿಹಿಟ್ಟಿನ ಡಬ್ಬಿ ಖಾಲಿಯಾಗದೆ ನಾವು ಮನೆಗೆ ಮರಳಿದ್ದೇ ಇಲ್ಲ. ನಾಯಿಗಳಿಗೆ ಉಪ್ಪಿಲ್ಲದೆ ಬೇಯಿಸಿದ ಅನ್ನ, ಮೊಟ್ಟೆ ಅಥವಾ ಮನೆಯಲ್ಲಿ ತಿನ್ನುತ್ತಿದ್ದ ಆಹಾರವನ್ನೇ ಕೊಡಿ. ಬಿಡಾರದಲ್ಲಿ ಹೊಸದೇನನ್ನೂ ತಿನ್ನಿಸಬೇಡಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಚಿತ್ರಾನ್ನದಲ್ಲಿ ಈರುಳ್ಳಿ ಇರುತ್ತದೆ, ಪಾಯಸದಲ್ಲಿ ಒಣದ್ರಾಕ್ಷಿ ಇರುತ್ತದೆ. ಪ್ರೀತಿಯಿಂದ ಒಂದು ತುತ್ತು ಕೊಡುವ ಹಿರಿಯರಿಗೆ ಇದನ್ನು ಮೊದಲೇ ತಿಳಿಸಿ ಹೇಳಬೇಕು. ಊಟವಾದ ಕೂಡಲೇ ನಾಯಿಯನ್ನು ಓಡಿಸಬೇಡಿ. ಎದೆಗೂಡು ಆಳವಾಗಿರುವ ಮುಧೋಳದಂತಹ ತಳಿಗಳಿಗೆ ಹೊಟ್ಟೆ ತಿರುಚಿಕೊಳ್ಳುವ ಅಪಾಯ ಹೆಚ್ಚು.

ಕತ್ತಲಾಗುವುದರೊಳಗೆ ಪಾತ್ರೆ ತೊಳೆದು, ಉಳಿದ ಅನ್ನವನ್ನೂ ನಾಯಿಯ ತಟ್ಟೆಯನ್ನೂ ಕಾರಿನೊಳಗೆ ಇಟ್ಟು ಬೀಗ ಹಾಕಿ. ಇದೇಕೆಂದು ಮುಂದೆ ಹೇಳುತ್ತೇನೆ.

ರಾತ್ರಿ

ಮೊದಲ ವರ್ಷ ನಾವು ಬಿಡಾರ ಹೂಡಿದ್ದು ಹೇಮಾವತಿಗೆ ಸೇರುವ ಒಂದು ಹಳ್ಳದ ಬಳಿ. ಹೊರಡುವಾಗ ತೋಟದ ರೈಟರ್ ಹೇಳಿದ್ದರು, “ನಾಯಿಗಳನ್ನು ಒಳಗೇ ಮಲಗಿಸಿಕೊಳ್ಳಿ ಸಾರ್. ಹೊರಗೆ ಕಟ್ಟಬೇಡಿ.” ನಾನು ತಲೆಯಾಡಿಸಿದೆ, ಆದರೆ ಮಾಡಲಿಲ್ಲ. ಟೆಂಟು ಇಕ್ಕಟ್ಟು, ನಾಯಿ ಒದ್ದೆಯಾಗಿದೆ, ಹೊರಗಿದ್ದರೆ ಕಾವಲೂ ಆಯಿತು ಎಂದುಕೊಂಡು ಇಬ್ಬರನ್ನೂ ನೇರಳೆ ಮರಕ್ಕೆ ಕಟ್ಟಿದೆ.

ರಾತ್ರಿ ಎಷ್ಟು ಹೊತ್ತಾಗಿತ್ತೋ, ಹಗ್ಗ ಬಿಗಿದು ಮರದ ತೊಗಟೆಗೆ ಉಜ್ಜುವ ಸದ್ದಿಗೆ ಎಚ್ಚರವಾಯಿತು. ಬೊಗಳುವಿಕೆ ಇಲ್ಲ. ಅದೇ ನನ್ನನ್ನು ಹೆದರಿಸಿದ್ದು. ಟಾರ್ಚ್ ಹಾಕಿದರೆ ಕರಿಯ ನೆಲಕ್ಕೆ ಹೊಟ್ಟೆ ಹಚ್ಚಿ ಟೆಂಟಿನ ಕಡೆಗೆ ತೆವಳಲು ನೋಡುತ್ತಿದ್ದ. ಬೆನ್ನಿನ ಕೂದಲೆಲ್ಲ ನೆಟ್ಟಗೆ ನಿಂತಿತ್ತು. ಚಿನ್ನಿ ಅವನ ಹಿಂದೆ ಅವಿತು ನಡುಗುತ್ತಿದ್ದಳು. ಹಗ್ಗ ಬಿಚ್ಚಲು ಕೈ ಬರಲಿಲ್ಲ, ಚಾಕುವಿನಿಂದ ಕತ್ತರಿಸಿ ಇಬ್ಬರನ್ನೂ ಒಳಗೆಳೆದುಕೊಂಡೆ. ಬೆಳಿಗ್ಗೆ ನೋಡಿದರೆ, ನಾಯಿಯ ಅನ್ನದ ತಟ್ಟೆಯಿಂದ ನಾಲ್ಕು ಮಾರು ದೂರದಲ್ಲಿ ಒದ್ದೆ ಮಣ್ಣಿನ ಮೇಲೆ ಚಿರತೆಯ ಹೆಜ್ಜೆ. ಉಗುರಿನ ಗುರುತಿಲ್ಲದ, ದುಂಡನೆಯ ಹೆಜ್ಜೆ. ನನ್ನ ಮಗ ಅದರ ಪಕ್ಕ ತನ್ನ ಅಂಗೈ ಇಟ್ಟು ನೋಡಿದ.

ನಾಯಿ ಚಿರತೆಗೆ ಸುಲಭದ ಬೇಟೆ. ಕಟ್ಟಿಹಾಕಿದ ನಾಯಿ ಇನ್ನೂ ಸುಲಭ. ಅಂದಿನಿಂದ ನಮ್ಮ ಕ್ರಮ ಒಂದೇ. ಸಂಜೆ ಆರಕ್ಕೆ ನಾಯಿಗಳಿಗೆ ಗಿಡ್ಡ ಹಗ್ಗ, ಅದರ ತುದಿ ದೊಡ್ಡವರ ಕೈಯಲ್ಲಿ. ಮಕ್ಕಳ ಕೈಗೆ ಕೊಡುವುದಿಲ್ಲ. ಎಂಟು ಗಂಟೆಗೆ ಕೊನೆಯ ಸಲ ಮೂತ್ರಕ್ಕೆ ಕರೆದೊಯ್ದು, ಪೊದೆಯ ಕಡೆಗೆ ಟಾರ್ಚ್ ಹಾಯಿಸಿಕೊಂಡು ಬಂದು, ಎಲ್ಲರೂ ಟೆಂಟಿನೊಳಗೆ. ನಾಯಿ ನಡುವೆ, ನಾವು ಎರಡು ಬದಿಗೆ. ಆದ್ದರಿಂದ ಟೆಂಟ್ ಕೊಳ್ಳುವಾಗ ನಾಯಿಗಳನ್ನೂ ಆಳೆಂದು ಲೆಕ್ಕ ಹಾಕಿ. ರಾತ್ರಿ ನಾಯಿ ಗುರುಗುಟ್ಟಿದರೆ ಜಿಪ್ ತೆರೆದು ಹೊರಗೆ ಹೋಗಬೇಡಿ. ಒಳಗಿನಿಂದಲೇ ಗಟ್ಟಿಯಾಗಿ ಮಾತನಾಡಿ, ಪಾತ್ರೆ ಬಡಿಯಿರಿ.

ಬೂಟುಗಳನ್ನು ಒಳಗಿಟ್ಟುಕೊಳ್ಳಿ, ಬೆಳಿಗ್ಗೆ ಕೊಡವಿ ಹಾಕಿಕೊಳ್ಳಿ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಕಚ್ಚಿಸಿಕೊಂಡವರನ್ನು ನಡೆಸದೆ, ಅಲುಗಾಡಿಸದೆ ನೇರ ಆಸ್ಪತ್ರೆಗೆ ಒಯ್ಯಿರಿ. ನಾಯಿಗೆ ಕಚ್ಚಿದರೂ ಅಷ್ಟೇ, ಎತ್ತಿಕೊಂಡೇ ಹೋಗಿ.

ಎರಡನೆಯ ದಿನ, ಗುಡ್ಡ

ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ನಾಯಿ, ಮಕ್ಕಳೊಂದಿಗಿನ ಬಿಡಾರಕ್ಕೆ ಅಂತಹ ಶಿಖರ ಬೇಕಿಲ್ಲ. ತೋಟದ ನೆತ್ತಿಯಲ್ಲಿ ಮಾಲೀಕರದೇ ಆದ ಹುಲ್ಲುಬೋರೆ ಸಾಕು. ಸಾವಿರ ಮೀಟರ್ ಏರಿದರೆ ಸುಮಾರು ಆರು ಡಿಗ್ರಿ ಚಳಿ ಹೆಚ್ಚುತ್ತದೆ, ಗಾಳಿ ಸೇರಿದರೆ ಇನ್ನೂ ಹೆಚ್ಚೆನ್ನಿಸುತ್ತದೆ. ಹೊಳೆಯಲ್ಲಿ ನೀರಿನ ಭಯ, ಗುಡ್ಡದಲ್ಲಿ ನೀರಿನದೇ ಕೊರತೆ. ಕುಡಿಯಲು, ಅಡುಗೆಗೆ ಎಂದು ಆಳಿಗೆ ದಿನಕ್ಕೆ ನಾಲ್ಕು ಲೀಟರ್, ಇಪ್ಪತ್ತು ಕೆ.ಜಿ. ತೂಗುವ ನಾಯಿಗೆ ಎರಡು ಲೀಟರ್ ಲೆಕ್ಕದಲ್ಲಿ ಹೊರಬೇಕು. ಜೀಪು ಹೋಗುವ ಕಡೆಗೇ ಜಾಗ ನೋಡಿಕೊಂಡರೆ ಅತ್ತೆಯವರಿಗೂ ಅನುಕೂಲ.

ಬೆಳಿಗ್ಗೆ ಹತ್ತರೊಳಗೆ ಹತ್ತಿ ಮುಗಿಸಿ. ಬಂಡೆಯ ಮೇಲೆ ಅಂಗೈಯ ಹಿಂಬದಿಯನ್ನು ಐದು ಎಣಿಸುವವರೆಗೆ ಇಡಲಾಗದಿದ್ದರೆ ನಾಯಿಯ ಪಾದ ಸುಡುತ್ತದೆ. ನಾಲಿಗೆ ಅಗಲವಾಗಿ ಜೋತುಬಿದ್ದು, ಜೊಲ್ಲು ಅಂಟಂಟಾಗಿ, ನಡಿಗೆ ತೂರಾಡಿದರೆ ಬಿಸಿಲಿನ ಆಘಾತ. ನೆರಳಿಗೆ ಒಯ್ದು ಹೊಟ್ಟೆ, ತೊಡೆಸಂದು, ಪಾದಗಳಿಗೆ ನೀರು ಹಾಕಿ, ಗಾಳಿ ಬೀಸಿ, ಗುಡ್ಡ ಇಳಿದು ಪಶುವೈದ್ಯರ ಬಳಿ ಹೋಗಿ. ಮುಧೋಳ ನಾಯಿ ಕಣ್ಣಿನಿಂದ ನೋಡಿ ಬೆನ್ನಟ್ಟುವ ಬೇಟೆಗಾರ. ಮೊಲ ಓಡಿದ್ದು ಕಂಡರೆ ಹೆಸರು ಹಿಡಿದು ಕೂಗಿದ್ದು ಅದಕ್ಕೆ ಕೇಳಿಸುವುದಿಲ್ಲ. ಗುಡ್ಡದಲ್ಲಿ ಹಗ್ಗ ಬಿಚ್ಚಲೇಬೇಡಿ.

ಟೆಂಟ್ ನೆತ್ತಿಯ ಮೇಲೂ ಬೇಡ, ಎರಡು ಬೋರೆಗಳ ನಡುವಿನ ಕಣಿವೆಬಾಯಿಯಲ್ಲೂ ಬೇಡ. ಅಲ್ಲಿ ಗಾಳಿ ಕೊಳವೆಯಲ್ಲಿ ಬೀಸಿದಂತೆ ನುಗ್ಗುತ್ತದೆ. ಗಾಳಿಗೆ ಬೆನ್ನಾದ ಇಳಿಜಾರಿನಲ್ಲಿ ಸಮತಟ್ಟು ಹುಡುಕಿ. ಮೋಡ ಗುಡುಗಿದರೆ ಇಳಿದುಬಿಡಿ, ಒಂಟಿಮರದ ಕೆಳಗೆ ನಿಲ್ಲಬೇಡಿ. ಹುಲ್ಲುಬೋರೆಯಲ್ಲಿ ಕಟ್ಟಿಗೆ ಒಲೆ ಯಾವ ತಿಂಗಳಲ್ಲೂ ಬೇಡ. ಗ್ಯಾಸ್ ಒಲೆಯನ್ನೂ ಬರಿಬಂಡೆಯ ಮೇಲಿಟ್ಟೇ ಹಚ್ಚಿ.

ಶೌಚಕ್ಕೆ ನೀರಿನಿಂದ ಅರವತ್ತು ಮೀಟರ್ ಆಚೆ, ಗೇಣು ಆಳದ ಗುಂಡಿ ತೋಡಿ ಮುಚ್ಚಿ. ಮರಳಿನಲ್ಲಿ ತೋಡಬೇಡಿ, ಮುಂದಿನ ನೆರೆ ಅದನ್ನು ಹೊಳೆಗೇ ಸೇರಿಸುತ್ತದೆ. ನಾಯಿಯ ಮಲವನ್ನೂ ಹೂಳಿ. ಪ್ಯಾಡು, ಡೈಪರ್, ಪ್ಲಾಸ್ಟಿಕ್ ಎಲ್ಲವೂ ಚೀಲದಲ್ಲಿ ಮನೆಗೆ ವಾಪಸ್.

ಮನೆಗೆ ಬಂದ ಮೇಲೆ

ಟೆಂಟನ್ನು ಒಣಗಿಸಿ ಮಡಚಿ, ಬಟ್ಟೆಗಳನ್ನು ಬಿಸಿನೀರಿಗೆ ಹಾಕಿ. ಆಮೇಲೆ ಎಲ್ಲಕ್ಕಿಂತ ನಿಧಾನವಾಗಿ ಮಾಡಬೇಕಾದ ಕೆಲಸ ಉಣುಗು ಹುಡುಕುವುದು. ನಾವು ಇದನ್ನು ಬಿಸಿಲಿನಲ್ಲಿ ಜಗಲಿಯ ಮೇಲೆ ಕೂತು ಮಾಡುತ್ತೇವೆ. ನಾಯಿಯ ಕಿವಿಯ ಮಡಿಕೆ, ಕಣ್ಣಿನ ರೆಪ್ಪೆ, ಕೊರಳ ಪಟ್ಟಿಯ ಅಡಿ, ಕಂಕುಳು, ಬೆರಳ ಸಂದು, ಬಾಲದ ಬುಡ ಎಲ್ಲವನ್ನೂ ಕೂದಲು ಬಿಡಿಸಿ ನೋಡಿ. ಮರಿ ಉಣುಗು ಗಸಗಸೆಯಷ್ಟು ಸಣ್ಣದಿರುತ್ತದೆ, ಕಣ್ಣಿಗಿಂತ ಮೊದಲು ಬೆರಳ ತುದಿಗೆ ಸಿಗುತ್ತದೆ. ಚಿಮುಟದಿಂದ ಚರ್ಮಕ್ಕೆ ಒತ್ತಿ, ಅದರ ಬಾಯಿಯ ಬಳಿಯೇ ಹಿಡಿದು, ತಿರುಚದೆ ನೇರ ಎಳೆಯಿರಿ. ಸೀಮೆಎಣ್ಣೆ ಹಾಕಬೇಡಿ, ಉಗುರಿನಿಂದ ಹೊಸಕಬೇಡಿ. ಸೋಪಿನ ನೀರಿನ ಲೋಟಕ್ಕೆ ಹಾಕಿ ಮುಚ್ಚಿಡಿ. ಮಕ್ಕಳ ಕಿವಿಯ ಹಿಂದೆ, ಕೂದಲ ಬುಡದಲ್ಲಿ, ಸೊಂಟದ ಸುತ್ತ, ಮೊಣಕಾಲಿನ ಹಿಂದೆಯೂ ಹೀಗೆಯೇ ನೋಡಿ.

ಮುಂದಿನ ಮೂರು ವಾರ ಎಲ್ಲರ ಮೇಲೆ ಕಣ್ಣಿರಲಿ. ನಾಯಿ ಊಟ ಬಿಟ್ಟರೆ, ಒಸಡು ಬಿಳಿಚಿದರೆ, ಮೂತ್ರ ಕಂದಾದರೆ ಉಣುಗಿನ ಜ್ವರವಿದೆಯೇ ಎಂದು ಅಂದೇ ರಕ್ತ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಯಾರಿಗಾದರೂ ಚಳಿಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗಬೇಡಿ. ವೈದ್ಯರ ಬಳಿ ಹೋಗಿ, ಯಾವ ತಾಲ್ಲೂಕಿನ ಯಾವ ತೋಟದಲ್ಲಿ, ಯಾವ ತಾರೀಕಿನಂದು ಮಲಗಿದ್ದಿರಿ, ಹೊಳೆಗೆ ಇಳಿದಿದ್ದಿರೇ, ಉಣುಗು ಕಚ್ಚಿತ್ತೇ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿ.